ಮದ್ದೂರಿನಲ್ಲಿ ನಿಂತು ಹೋಗುತ್ತಿದ್ದ ವೇಗ

ಕಾರು ಕಣ್ಣಿಗೆ ಬೀಳುವ ಮೊದಲೇ ಅದು ಯಾವ ಕಾರೆಂದು ಹೇಳಬಲ್ಲ ಹುಡುಗರಿದ್ದ ಕಾಲವೊಂದಿತ್ತು. ಅರವತ್ತರ ದಶಕದ ಮದ್ದೂರು ಸೀಮೆಯಲ್ಲಿ ಅಂಥವರು ಊರಿಗೆ ನಾಲ್ಕೈದು ಜನ ಸಿಗುತ್ತಿದ್ದರು. ಅಂಬಾಸಿಡರ್ ಗೊಣಗುತ್ತಾ ಬರುತ್ತಿತ್ತು, ಫಿಯೆಟ್ ಸಣ್ಣ ದನಿಯಲ್ಲಿ ಅವಸರ ಮಾಡುತ್ತಾ ಬರುತ್ತಿತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್‌ದು ಹಗುರ ಮೈಯ ಗಡಗಡ. ಇವು ದಿನವೂ ಕೇಳುವ ಸದ್ದುಗಳು; ಇವುಗಳಿಗಾಗಿ ಯಾರೂ ಗೋಲಿಯಾಟ ಬಿಟ್ಟು ಏಳುತ್ತಿರಲಿಲ್ಲ. ಆದರೆ ಅಪರೂಪಕ್ಕೊಮ್ಮೆ ನಿಡಘಟ್ಟದ ಕಡೆಯಿಂದ ಬೇರೆಯದೇ ಒಂದು ಸದ್ದು ಬರುತ್ತಿತ್ತು. ಮೊದಲು ದೂರದಲ್ಲಿ ದಪ್ಪಗೆ, ತಗ್ಗಿನಲ್ಲಿ ಇಳಿದಾಗ ಮಾಯವಾಗಿ, ಏರು ಹತ್ತಿದಾಗ ಮತ್ತೆ ಎದ್ದು, ಗೇರು ಬದಲಾದ ಕಡೆ ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಇನ್ನೂ ಮೇಲಿನ ಸ್ವರಕ್ಕೆ ಏರುವ ಸದ್ದು. ಅದು ಕೇಳಿದ್ದೇ ತಡ, ಚಡ್ಡಿ ಎಳೆದುಕೊಳ್ಳುತ್ತಾ ರಸ್ತೆಯ ಕಡೆ ಓಟ.

ನಮ್ಮ ವೈದ್ಯನಾಥಪುರ ಶಿಂಷಾ ಹೊಳೆಯ ದಡದಲ್ಲಿದೆ. ವೈದ್ಯನಾಥೇಶ್ವರನಿಗೆ ಹರಕೆ ಹೊತ್ತವರು ಬಂದು, ಹೊಳೆಯಲ್ಲಿ ಮಿಂದು, ಪೂಜೆ ಮಾಡಿಸಿಕೊಂಡು ಹೋಗುವ ಊರು. ದೇವರೇ ವೈದ್ಯನಾದ ಊರಿನಲ್ಲಿ ಅವಸರಕ್ಕೆ ಜಾಗವಿರಲಿಲ್ಲ. ಕಾಯಿಲೆ ಬೇಗ ಬಂದರೂ ನಿಧಾನವಾಗಿಯೇ ಹೋಗಬೇಕು ಎಂದು ಹಿರಿಯರು ನಂಬಿದ್ದರು. ಊರೊಳಗೆ ಚಕ್ರ ಅಂತ ಇದ್ದದ್ದು ಎತ್ತಿನ ಗಾಡಿಗೆ, ಸೈಕಲ್ಲಿಗೆ, ಮತ್ತು ನಾವು ಕೋಲಿನಲ್ಲಿ ಹೊಡೆದು ಉರುಳಿಸುತ್ತಿದ್ದ ಹಳೇ ಟಯರಿಗೆ. ಆ ಬರೀ ಟಯರಿಗೂ ಬಾಯಲ್ಲೇ ಗೇರು ಬದಲಿಸುತ್ತಿದ್ದೆವು, ತಿರುವಿನಲ್ಲಿ ಹಾರನ್ನು ಹೊಡೆಯುತ್ತಿದ್ದೆವು. ನಿಜವಾದ ರಸ್ತೆ ಇದ್ದದ್ದು ಮದ್ದೂರಿನಲ್ಲಿ. ಬೆಂಗಳೂರು–ಮೈಸೂರು ರಸ್ತೆ. ಎರಡೂ ಬದಿ ಸಾಲುಮರ, ನಡುವೆ ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಬೇಕಾದಷ್ಟು ಟಾರು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಆ ಟಾರಿನ ಮೇಲೇ ಸಾಲುಗಟ್ಟುತ್ತಿದ್ದವು. ಎಂಥ ದೊಡ್ಡವರ ಕಾರಾದರೂ ಗಾಡಿಯ ಸಾಲು ಮುಗಿಯುವವರೆಗೆ ಎತ್ತಿನ ಬಾಲ ನೋಡಿಕೊಂಡೇ ಬರಬೇಕಿತ್ತು. ಗಾಡಿಯ ಹಿಂದಿನಿಂದ ಕಬ್ಬು ಎಳೆಯುವ ನಮಗೂ, ಗಾಡಿಯ ಹಿಂದೆ ಸಿಕ್ಕಿಕೊಂಡ ಕಾರಿನವರಿಗೂ ಆ ಹೊತ್ತಿನಲ್ಲಿ ಒಂದು ಪರಿಚಯ ಬೆಳೆದುಬಿಡುತ್ತಿತ್ತು.

ಯಾರ ಕಾರುಗಳು ಅವು? ಬೇಸಿಗೆಯಲ್ಲಿ ಊಟಿಗೆ ಹೊರಟವರವು, ದಸರೆಗೆ ಮೈಸೂರಿಗೆ ಹೊರಟವರವು, ಕೊಡಗಿನ ಕಾಫಿ ತೋಟದವರವು. ಅರಮನೆಯ ಕಾರು ಹೋದ ದಿನವಂತೂ ಊರಿಗೆ ಬಂದು ಹೇಳಿಕೊಳ್ಳುವ ದಿನ. ಜಯಚಾಮರಾಜ ಒಡೆಯರು 1956ರಿಂದ 1964ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದರಲ್ಲ, ಬೆಂಗಳೂರಿಗೂ ಮೈಸೂರಿಗೂ ಓಡಾಟವಿತ್ತು. ಮೈಸೂರಿನ ಅರಸರು ಕಾರುಗಳನ್ನು ಒಂದೊಂದಾಗಿ ಕೊಳ್ಳುತ್ತಿರಲಿಲ್ಲ, ಕೊಂಡರೆ ಸಾಲಾಗಿಯೇ ಕೊಳ್ಳುತ್ತಿದ್ದರು ಎಂಬ ಕಥೆ ರೋಲ್ಸ್ ರಾಯ್ಸ್ ಮೋಹಿಗಳ ನಡುವೆ ಈಗಲೂ ಓಡಾಡುತ್ತದೆ. ಹಿರಿಯರು ಆ ಕಾರು ಹೋದ ದಿಕ್ಕಿಗೆ ಕೈ ಮುಗಿದು ನಿಲ್ಲುತ್ತಿದ್ದರು. ನಮಗೆ ಹುಡುಗರಿಗೆ ಮಾತ್ರ, ನಿಜ ಹೇಳಬೇಕೆಂದರೆ, ಅರಮನೆಯ ಕಾರಿನ ಗಾಂಭೀರ್ಯಕ್ಕಿಂತ ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡು ಓಡುವ ಪೋಕರಿ ಕಾರುಗಳ ಮೇಲೇ ಕಣ್ಣು. ಎಂ.ಜಿ. ಎನ್ನುವ ಎರಡಕ್ಷರ, ಜಾಗ್ವಾರ್ ಎನ್ನುವ ಮೂರಕ್ಷರ. ಮನೆಯಲ್ಲಿ ಮಗ್ಗಿ ಹೇಳಲು ತಡವರಿಸುತ್ತಿದ್ದವರ ಬಾಯಲ್ಲಿ ಇವು ಸಲೀಸಾಗಿ ಬರುತ್ತಿದ್ದವು.

ಆ ಕಾರುಗಳಿಗಿದ್ದ ಒಂದು ಗುಣವನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಅವು ಓಡುತ್ತಿದ್ದವು, ಹಾಗೆಯೇ ನಿಲ್ಲುತ್ತಲೂ ಇದ್ದವು. ಬೆಂಗಳೂರು ಬಿಟ್ಟು ಬಿಸಿಲಲ್ಲಿ ಓಡಿ ಬಂದ ಕಾರಿಗೆ ಮದ್ದೂರು ತಲುಪುವ ಹೊತ್ತಿಗೆ ಬಾಯಾರಿಕೆ. ಮೂತಿಯಲ್ಲಿ ಹಬೆ ಏಳುತ್ತಿತ್ತು. ಒಡೆಯ ಇಳಿದು ವಡೆ ತಿನ್ನುವಷ್ಟರಲ್ಲಿ ಯಾರೋ ಒಬ್ಬರು ಬಕೆಟ್ಟಿನಲ್ಲಿ ನೀರು ತರಬೇಕು. ಅದೇ ನಮ್ಮ ಪಾಲಿನ ಸುವರ್ಣಾವಕಾಶ. ಒಮ್ಮೆ ಹಾಗೆ ನಿಂತ ಕಾರು ಈಗಲೂ ಕಣ್ಣಿಗೆ ಕಟ್ಟಿದೆ: ಗಾಢ ಹಸಿರು, ಉದ್ದನೆಯ ಬಾನೆಟ್ಟು, ಬಾನೆಟ್ಟಿನ ಅಡ್ಡಕ್ಕೂ ಒಂದು ಚರ್ಮದ ಬೆಲ್ಟು ಬಿಗಿದಿತ್ತು. ಚಕ್ರಕ್ಕೆ ಸೈಕಲ್ಲಿನ ಹಾಗೆ ತಂತಿಯ ಕಡ್ಡಿಗಳು. ಒಳಗೆ ತೊಗಲಿನ ವಾಸನೆ, ಪೆಟ್ರೋಲಿನ ವಾಸನೆ, ಕಾದ ಎಣ್ಣೆಯ ವಾಸನೆ, ಮೂರೂ ಬೆರೆತು ಒಂದು ತಲೆತಿರುಗು. ಸ್ಪೀಡಾಮೀಟರಿನ ಮುಳ್ಳು ಎಷ್ಟರವರೆಗೆ ಹೋಗುತ್ತದೆಂದು ನೋಡಲು ಇಣುಕಿದರೆ 120ರ ಅಂಕಿ ಕಂಡಿತು. ‘ಮೈಲಿ ಕಣ್ಲಾ, ಕಿಲೋಮೀಟ್ರಲ್ಲ’ ಎಂದು ಪಕ್ಕದವನು ಪಿಸುಗುಟ್ಟಿದ. ರೇಡಿಯೇಟರಿನ ಮುಚ್ಚಳವನ್ನು ಗೋಣಿಚೀಲದ ತುಂಡು ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಹಬೆ ಬಿಟ್ಟು, ಇಂಜಿನ್ನು ಓಡುತ್ತಿರುವಾಗಲೇ ನಿಧಾನ ನೀರು ಹುಯ್ಯಬೇಕು. ಒಮ್ಮೆಲೇ ತಣ್ಣೀರು ಹುಯ್ದರೆ ಬ್ಲಾಕು ಬಿರುಕು ಬಿಡುತ್ತದೆ. ಇಷ್ಟನ್ನು ನಾವು ಶಾಲೆಯಲ್ಲಿ ಕಲಿಯಲಿಲ್ಲ, ಆ ರಸ್ತೆಯ ಬದಿಯಲ್ಲಿ ಕಲಿತೆವು. ಕಾರಿನ ಒಡೆಯರು ಟೋಪಿ ಸರಿಮಾಡಿಕೊಂಡು, ಎಲೆಯಲ್ಲಿ ಸುತ್ತಿದ ವಡೆಯ ಪೊಟ್ಟಣ ಪಕ್ಕದ ಸೀಟಿನ ಮೇಲಿಟ್ಟು, ನಮ್ಮ ಕಡೆ ನೋಡಿ, ಬೇಕೆಂದೇ ಎರಡು ಸಲ ಜೋರಾಗಿ ರೇಸು ಮಾಡಿ ಹೊರಟರು. ಆ ಎರಡು ಸಲದ ಸದ್ದು ನಮ್ಮ ಕೂಲಿ. ನಮಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಇಂಥ ಕಾರುಗಳೆಲ್ಲ ಶೋಳವರಂಗೆ ಹೋಗುತ್ತವೆ ಎಂದು ನಾವು ನಂಬಿದ್ದೆವು. ನಂಬಿಕೆ ಹುಟ್ಟಿಸಿದವನು ನಮ್ಮ ದೊಡ್ಡಪ್ಪನ ಮಗ. ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜೊಂದರಲ್ಲಿ ಪಾನಾ ಹಿಡಿಯುತ್ತಿದ್ದ. ಹಬ್ಬಕ್ಕೆ ಊರಿಗೆ ಬಂದರೆ ಉಗುರಿನ ಸಂದಿಯ ಕಪ್ಪು ಎಣ್ಣೆಯನ್ನು ತೊಳೆಯದೆ ಹಾಗೇ ಉಳಿಸಿಕೊಂಡು ಬರುತ್ತಿದ್ದ, ಅದು ಅವನ ಪದಕ. ಮದರಾಸಿನ ಉತ್ತರಕ್ಕೆ ಶೋಳವರಂ ಎಂಬಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ವಿಮಾನದ ಹಾದಿ ಪಾಳುಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷವರ್ಷವೂ ರೇಸು ನಡೆಸುತ್ತಿದ್ದರು. ಯುದ್ಧ ಬಿಟ್ಟುಹೋದ ಹಾದಿಗಳೇ ನಮ್ಮ ದೇಶದ ರೇಸಿನ ತೊಟ್ಟಿಲಾದವು. ಕಲ್ಕತ್ತದವರಿಗೆ ಬ್ಯಾರಕ್‌ಪುರ, ಬೊಂಬಾಯಿಯವರಿಗೆ ಜುಹು, ದಕ್ಷಿಣದವರಿಗೆ ಶೋಳವರಂ. ತಿರುವುಗಳಲ್ಲಿ ಹುಲ್ಲಿನ ಪಿಂಡಿ ಜೋಡಿಸುವುದು, ಅದರಾಚೆ ಜನ ಒತ್ತೊತ್ತಾಗಿ ನಿಲ್ಲುವುದು. ಗೊಂಡಲ್ ಸಂಸ್ಥಾನದ ರಾಜಮನೆತನದವರು ಜಾಗ್ವಾರ್ ತಂದರೆ, ಕಿನ್ನಿ ಲಾಲ್ ಎಂಬ ಹೆಸರು ಕಲ್ಕತ್ತದಿಂದ ಮದರಾಸಿನವರೆಗೆ ಹುಡುಗರ ಬಾಯಲ್ಲಿತ್ತು. ಅಣ್ಣ ಗ್ಯಾರೇಜಿನವರ ಜೊತೆ ರಾತ್ರಿಯಿಡೀ ಲಾರಿಯಲ್ಲಿ ಕೂತು ಹೋಗಿ ನೋಡಿಬಂದಿದ್ದ.

ಜಗುಲಿಯ ಮೇಲೆ ಅವನು ಅದನ್ನು ಹೇಳುವಾಗ ಊರಿನ ಹುಡುಗರೆಲ್ಲ ಸುತ್ತ ಸೇರುತ್ತಿದ್ದರು. ‘ಕಾರು ಬತ್ತಾ ಐತೆ ಅಂತ ಕಣ್ಣಿಗೆ ಗೊತ್ತಾಗೋ ಹೊತ್ಗೆ ಅದು ಹೋಗ್ಬುಟ್ಟಿರ್ತದೆ ಕಣ್ರಲಾ’ ಎನ್ನುತ್ತಿದ್ದ. ಬೀಡಿಯೆಲೆ ಬಿಡಿಸುತ್ತಿದ್ದ ನಮ್ಮಜ್ಜಿ ತಲೆ ಎತ್ತದೆ ಕೇಳಿದಳು:

‘ಅಷ್ಟು ಜೋರಾಗಿ ಎಲ್ಲಿಗೆ ಹೋಯ್ತಾವಪ್ಪ ಅವು?’

‘ಎಲ್ಲಿಗೂ ಇಲ್ಲ ಕಣಜ್ಜಿ. ಸುತ್ತಿ ಸುತ್ತಿ ಹೊಂಟಿದ್ ಜಾಗಕ್ಕೇ ಬತ್ತವೆ.’

‘ಹಂಗಾರೆ ಗಾಣದೆತ್ತು ಅನ್ನು.’

ಅಣ್ಣನಿಗೆ ಎರಡು ದಿನ ಮುಖ ಊದಿಕೊಂಡಿತ್ತು.

ಶೋಳವರಂನಲ್ಲಿ ಹೊರದೇಶದ ಕಾರಿನ ಭಾಗ್ಯ ಕೆಲವರಿಗೆ ಮಾತ್ರ. ಐವತ್ತರ ದಶಕದಲ್ಲೇ ಸರ್ಕಾರ ಆಮದಿಗೆ ಬಾಗಿಲು ಹಾಕುತ್ತಾ ಬಂದಿತ್ತು. ಆಮೇಲೆ ಬೇಕೆಂದರೆ ರಾಯಭಾರ ಕಚೇರಿಗಳವರು ಬಿಟ್ಟುಹೋದ ಕಾರುಗಳು ಸರ್ಕಾರದ ಹರಾಜಿಗೆ ಬರುವುದನ್ನು ಕಾಯಬೇಕಿತ್ತು. ಉಳಿದವರಿಗೆ ಅದೇ ಫಿಯೆಟ್, ಅದೇ ಅಂಬಾಸಿಡರ್, ಅದೇ ಹೆರಾಲ್ಡ್. ಮದುವೆ ದಿಬ್ಬಣಕ್ಕೆ ಹೋಗುವ ಕಾರನ್ನೇ ರೇಸಿಗೆ ಇಳಿಸಬೇಕು! ಅಲ್ಲೇ ನಮ್ಮ ಮೆಕ್ಯಾನಿಕ್ಕುಗಳ ಕೈಚಳಕ ಬೆಳಗಿದ್ದು. ಸಿಲಿಂಡರಿನ ಹೆಡ್ಡನ್ನು ಲೇತಿನವರ ಹತ್ತಿರ ಕೂದಲೆಳೆಯಷ್ಟು ಅರೆಸಿದರೆ ಒಳಗಿನ ಒತ್ತಡ ಏರುತ್ತದೆ, ಇಂಜಿನ್ನಿಗೆ ಕಸುವು ಬರುತ್ತದೆ. ಒಂದು ಕಾರ್ಬೊರೇಟರ್ ಇದ್ದ ಕಡೆ ಎರಡು ಕೂರಿಸುವುದು. ಹಿಂದಿನ ಸೀಟು, ಬಾಗಿಲಿನ ಒಳಹೊದಿಕೆ, ಬಂಪರು ಎಲ್ಲ ಕಿತ್ತು ಮೈ ಹಗುರ ಮಾಡುವುದು. ಸೈಲೆನ್ಸರಿಗೆ ಬದಲು ಬರೀ ಕೊಳವೆ. ಪುಸ್ತಕ ನೋಡಿ ಮಾಡಿದವರು ಕಡಿಮೆ. ಕಿವಿ ಕೊಟ್ಟು, ಮಾಡಿ, ಕೆಡಿಸಿ, ಮತ್ತೆ ಮಾಡಿದವರೇ ಎಲ್ಲ.

ಮದ್ದೂರಿನಲ್ಲೂ ಅಂಥ ಕಿವಿಯಿದ್ದ ಒಬ್ಬ ಸಾಬರಿದ್ದರು. ರಸ್ತೆಬದಿಯ ಹುಣಸೆಮರದ ನೆರಳೇ ಅವರ ಗ್ಯಾರೇಜು. ಹೆರಾಲ್ಡ್ ಅಂದರೆ ಅವರಿಗೆ ಪ್ರಾಣ. ಬೇರೆ ಕಾರಿನ ಬಾನೆಟ್ಟು ಮುಂದಿನಿಂದ ಬಾಯಿ ತೆರೆದರೆ, ಹೆರಾಲ್ಡಿನದು ಮಡ್‌ಗಾರ್ಡು ದೀಪ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಇಂಜಿನ್ನು ಮೂರು ಕಡೆಯಿಂದ ಬಯಲು. ಸಾಬರು ಮುಂದಿನ ಟಯರಿನ ಮೇಲೆ ಆರಾಮಾಗಿ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ‘ಮೂರನೇದು ಟ್ಯಾಪೆಟ್ಟು ಸ್ವಾಮಿ. ಮೈಸೂರಿಗೆ ಹೋಗಿ ನೋಡ್ಕೊಳಿ ಅಂದ್ರೆ ನೋಡ್ಕೊಳಿ, ಇಲ್ಲಾಂದ್ರೆ ಒಂದ್ ಕಾಫಿ ಕುಡ್ಕೊಂಡ್ ಬನ್ನಿ’ ಎನ್ನುವರು. ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. 948 ಸಿಸಿಯ ಆ ಪುಟ್ಟ ಇಂಜಿನ್ನು, ಇಂದಿನ ದೊಡ್ಡ ಬೈಕೊಂದಕ್ಕಿಂತ ಹೆಚ್ಚಿನದೇನಲ್ಲ, ಸಾಬರ ಕೈ ತಾಗಿದ ಮೇಲೆ ಶಿಂಷೆಯ ಸೇತುವೆ ದಾಟುವಾಗ ಹಾಡಿಕೊಂಡು ಹೋಗುತ್ತಿತ್ತು. ಅವರ ಮಗ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ವ್ಯಾಪಾರ, ತಪ್ಪೇನಿಲ್ಲ. ಕಂಪ್ಯೂಟರ್ ಜೋಡಿಸದೆ ಬಾನೆಟ್ಟೇ ತೆರೆಯದ ಕಾರುಗಳಿಗೆ ಹುಣಸೆಮರದ ನೆರಳಿನಿಂದ ಆಗಬೇಕಾದ್ದೂ ಏನಿಲ್ಲ. ಮರವೂ ಉಳಿದಿಲ್ಲ.

ಅಣ್ಣ ಬೆಂಗಳೂರಿನಿಂದ ತರುತ್ತಿದ್ದ ಹಳೇ ಇಂಗ್ಲಿಷ್ ಪತ್ರಿಕೆಗಳ ರಾಶಿಯಲ್ಲಿ ನಮಗೆ ಅರ್ಥವಾಗುತ್ತಿದ್ದುದು ಚಿತ್ರಗಳು ಮತ್ತು ಅಂಕಿಗಳು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ಎಕ್ಸ್‌ಕೆ 120, ಅದರ ಹೆಸರಲ್ಲೇ ಅದರ ವೇಗ. ಬಾಗಿಲು ಮೇಲಕ್ಕೆ ತೆರೆಯುವ ಮರ್ಸಿಡಿಸ್ 300 ಎಸ್‌ಎಲ್. 1961ರ ಜಾಗ್ವಾರ್ ಇ-ಟೈಪ್, ಅದನ್ನು ನೋಡಿ ನಮ್ಮಲ್ಲೊಬ್ಬ ‘ಇದು ನಿಂತಿದ್ರೂ ಓಡ್ತಾ ಐತಲ್ಲೋ’ ಎಂದಿದ್ದ. ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು 722 ಎಂದು ದೊಡ್ಡದಾಗಿ ಬರೆದಿದ್ದ ಬೆಳ್ಳಿಬಣ್ಣದ ಒಂದು ಮರ್ಸಿಡಿಸ್. 1955ರ ಮೇ 1ರಂದು ಸ್ಟರ್ಲಿಂಗ್ ಮಾಸ್ ಇಟಲಿಯ ಮಿಲ್ಲೆ ಮಿಲಿಯಾ ರೇಸಿನಲ್ಲಿ ಓಡಿಸಿದ ಕಾರದು. ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟದ್ದರಿಂದ ಆ ನಂಬರು. ಪಕ್ಕದಲ್ಲಿ ಕೂತ ಜೆಂಕಿನ್ಸನ್ ಎಂಬ ಗಡ್ಡದ ಪತ್ರಕರ್ತ ಉದ್ದನೆಯ ಕಾಗದದ ಸುರುಳಿ ಬಿಚ್ಚುತ್ತಾ ಮುಂದಿನ ತಿರುವು ಯಾವುದೆಂದು ಕೈಸನ್ನೆಯಲ್ಲಿ ಹೇಳುತ್ತಿದ್ದ. ಬ್ರೆಷಾದಿಂದ ರೋಮಿಗೆ ಹೋಗಿ ಮರಳಿ ಬ್ರೆಷಾ, ಸುಮಾರು 1,600 ಕಿಲೋಮೀಟರ್, 10 ಗಂಟೆ 7 ನಿಮಿಷ 48 ಸೆಕೆಂಡ್. ಸರಾಸರಿ ಗಂಟೆಗೆ 157 ಕಿಲೋಮೀಟರ್. ಅದೂ ರೇಸಿಗೆಂದು ಕಟ್ಟಿದ ರಸ್ತೆಯಲ್ಲಲ್ಲ. ಊರೊಳಗಿನ, ಗುಡಿಯ ಮುಂದಿನ, ಸೇತುವೆಯ ಮೇಲಿನ ರಸ್ತೆಯಲ್ಲಿ. ಬದಿಯಲ್ಲಿ ಹಳ್ಳಿಯವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ ಚಿತ್ರ ನೋಡಿ, ಇವರೂ ನಮ್ಮ ಹಾಗೆಯೇ ಕಾಯುತ್ತಾರಲ್ಲ ಎನಿಸಿತ್ತು.

ಆ ಚಿತ್ರದ ಇನ್ನೊಂದು ಮುಖವನ್ನು ಅಣ್ಣ ನಮಗೆ ಹೇಳಲಿಲ್ಲ, ಅಥವಾ ಅವನಿಗೂ ಗೊತ್ತಿರಲಿಲ್ಲ. ಅದೇ 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಒಂದು ಕಾರು ಸಿಡಿದು ಜನರ ನಡುವೆ ನುಗ್ಗಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. 1957ರ ಮಿಲ್ಲೆ ಮಿಲಿಯಾದಲ್ಲಿ ಪೋರ್ತಾಗೋ ಎಂಬಾತನ ಫೆರಾರಿಯ ಟಯರು ಒಡೆದು, ಅವನೂ ಪಕ್ಕದವನೂ ರಸ್ತೆಬದಿಯ ಒಂಬತ್ತು ಜನರೂ ಹೋದರು. ಅದರಲ್ಲಿ ಐದು ಮಕ್ಕಳು. ಹೆಗಲ ಮೇಲೆ ಕೂತಿದ್ದ ಮಕ್ಕಳಂಥವೇ. ಆ ರೇಸು ಅಲ್ಲಿಗೇ ನಿಂತಿತು. ಹೀಗಾಗಿ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಹೊರಟಿಲ್ಲ. ಬೆಲ್ಟಿಲ್ಲ, ಹೆಲ್ಮೆಟ್ಟು ಹೆಸರಿಗಷ್ಟೇ, ಬ್ರೇಕು ದೇವರ ಮೇಲೆ ಭಾರ. ಇಂದು ನಮ್ಮ ಮೊಮ್ಮಕ್ಕಳು ಏರ್‌ಬ್ಯಾಗಿನ ಕಾರಿನಲ್ಲಿ ಕೂತು ಬರುತ್ತಾರೆಂದರೆ ಆ ಸಾವುಗಳ ಋಣವೂ ಅದರಲ್ಲಿದೆ. ಅಷ್ಟು ಒಪ್ಪಿಕೊಂಡ ಮೇಲೂ ಮನಸ್ಸು ಆ ಹಸಿರು ಕಾರಿನ ಹಿಂದೆಯೇ ಹೋಗುತ್ತದೆ, ಏನು ಮಾಡಲಿ.

ನಮ್ಮ ರಸ್ತೆಯ ಆ ತುದಿಯಲ್ಲೇ ಒಂದು ವೇಗ ಹುಟ್ಟಿತ್ತೆಂಬುದನ್ನೂ ಹೇಳಬೇಕು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಾವಾ ಕಾರ್ಖಾನೆ ಶುರುವಾಯಿತು. ಜೆಕ್ ದೇಶದ ವಿನ್ಯಾಸ, ಮೈಸೂರಿನ ಕೈಗಳು. ಕಾರಿನ ಕನಸು ಕಾಣುತ್ತಿದ್ದ ನಮ್ಮ ಜಿಲ್ಲೆಯ ಹುಡುಗರಿಗೆ ಕೈಗೆಟುಕಿದ್ದು ಜಾವಾ, ಆಮೇಲೆ ಯೆಜ್ಡಿ. ಎರಡು ಸೈಲೆನ್ಸರಿನ ಆ ಡುಗ್ಗುಡುಗ್ಗು ಕೇಳಿ ಮನೆಯೊಳಗಿದ್ದ ಹೆಂಗಸರು ಯಾರ ಮನೆ ಅಳಿಯ ಬಂದನೆಂದು ಹೇಳುತ್ತಿದ್ದರು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಕೋಲು. ಗೊತ್ತಿಲ್ಲದವನು ಹತ್ತಿದರೆ ಪೇಚಾಟ, ಗೊತ್ತಿದ್ದವನಿಗೆ ಗರ್ವ. ಕಬ್ಬಿನ ಬಟವಾಡೆ ಬಂದ ವರ್ಷ ಮಂಡ್ಯ ಜಿಲ್ಲೆಯ ಎಷ್ಟು ಮನೆಯ ಅಂಗಳಕ್ಕೆ ಜಾವಾ ಬಂತೋ! ಹೊಸ ಗಾಡಿಗೆ ವೈದ್ಯನಾಥೇಶ್ವರನ ಮುಂದೆ ನಿಂಬೆಹಣ್ಣು ಜಜ್ಜಿಸಿ, ಅಲ್ಲಿಂದ ನೇರ ಮದ್ದೂರಿನ ರಸ್ತೆಗೆ ತಂದು ಎಷ್ಟು ಹೋಗುತ್ತದೆ ನೋಡೋಣ ಎಂದು ಒಂದು ಕೈ ನೋಡುವುದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಹೋದದ್ದು ಒಂದೇ ದಿನದಲ್ಲಿ ಹೋಗಲಿಲ್ಲ. 1971ರಲ್ಲಿ ರಾಜಧನ ರದ್ದಾಯಿತು; ಪ್ರಜಾಪ್ರಭುತ್ವದಲ್ಲಿ ಆಗಬೇಕಾದ್ದೇ ಆಯಿತು. ಆದರೆ ಸಂಸ್ಥಾನಗಳ ಕಾರುಖಾನೆಗಳ ಬಾಗಿಲು ತೆರೆದು ಸಿಕ್ಕ ಬೆಲೆಗೆ ಸಿಕ್ಕವರು ಕೊಂಡೊಯ್ದರು, ಎಷ್ಟೋ ಕಾರುಗಳು ಹಡಗು ಹತ್ತಿದವು. ಹಳೇ ಕಾರು ದೇಶ ಬಿಡಬಾರದೆಂಬ ಬುದ್ಧಿ ಸರ್ಕಾರಕ್ಕೆ ಬರುವ ಹೊತ್ತಿಗೆ ಬೇಕಾದಷ್ಟು ಹೋಗಿಯಾಗಿತ್ತು. 1973ರ ನಂತರ ಪೆಟ್ರೋಲಿನ ಬೆಲೆ ಏರಿದ ರೀತಿಗೆ, ಊಟಿಗೆ ಹೋಗುವಾಗ ಗ್ಯಾಲನ್ನುಗಟ್ಟಲೆ ಕುಡಿಯುವ ಕಾರು ಯಾರಿಗೆ ಬೇಕು? ಶೋಳವರಂ ಮಾತ್ರ ಇನ್ನಷ್ಟು ಕಾಲ ಉಸಿರಾಡಿತು. ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಬಂಟ್ವಾಳ ಮೂಲದ ವಿಜಯ್ ಮಲ್ಯ ಅಲ್ಲಿ ಎನ್ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದರು. ಅವರ ಬಗ್ಗೆ ಆಮೇಲೆ ಊರೆಲ್ಲ ಆಡಿದ ಮಾತು ಬೇರೆ; ಅಂದು ಆ ಸದ್ದು ಕೇಳಿದವರು ಅದನ್ನು ಮರೆತಿಲ್ಲ. ಬೆಂಗಳೂರಿನ ಸಿಪಾನಿಯವರು ತಯಾರಿಸಿದ ಡಾಲ್ಫಿನ್ ಎಂಬ ಫೈಬರ್ ಮೈಯ ಕಾರು ಸಂಸಾರಸ್ಥರಿಗೆ ಹಿಡಿಸಲಿಲ್ಲವಾದರೂ, ಹಗುರವೆಂಬ ಕಾರಣಕ್ಕೆ ರ‍್ಯಾಲಿಯವರ ಕಣ್ಮಣಿಯಾಗಿತ್ತು. 1983ರ ಕೊನೆಗೆ ಮಾರುತಿ ಬಂತು. 1990ರಲ್ಲಿ ಮದರಾಸಿನವರು ಇರುಂಗಾಟ್ಟುಕೋಟೈಯಲ್ಲಿ ರೇಸಿಗೆಂದೇ ಹಾದಿ ಕಟ್ಟಿಕೊಂಡರು. ಹುಲ್ಲಿನ ಪಿಂಡಿಯ ಕಾಲ ಮುಗಿಯಿತು.

ಮದ್ದೂರಿನ ರಸ್ತೆಗೆ ಬರೋಣ. 2023ರ ಮಾರ್ಚ್ 12ರಂದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿಗಳು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟಿಸಿದರು. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗಿಳಿಯಿತು. ಎದೆನೋವು ಬಂದವರನ್ನು ಮೈಸೂರಿಗೋ ಬೆಂಗಳೂರಿಗೋ ಸೇರಿಸಬೇಕಾದಾಗ ಆ ಒಂದೂವರೆ ಗಂಟೆಯ ಬೆಲೆ ಏನೆಂದು ಹಳ್ಳಿಯವರನ್ನು ಕೇಳಬೇಕು. ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಆ ರಸ್ತೆ ಬಿಡದಿಯನ್ನು, ರಾಮನಗರವನ್ನು, ಚನ್ನಪಟ್ಟಣವನ್ನು, ಮದ್ದೂರನ್ನು, ಮಂಡ್ಯವನ್ನು, ಶ್ರೀರಂಗಪಟ್ಟಣವನ್ನು ಎಲ್ಲವನ್ನೂ ತಪ್ಪಿಸಿಕೊಂಡು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯವರು, ಚನ್ನಪಟ್ಟಣದ ಬೊಂಬೆಯವರು, ನಮ್ಮ ವಡೆಯವರು, ಎಳನೀರಿನವರು ಒಂದೇ ಬೇಸಿಗೆಯಲ್ಲಿ ಗಿರಾಕಿ ಕಳೆದುಕೊಂಡು ಕೈಕಟ್ಟಿ ಕೂತರು. ಮದ್ದೂರು ವಡೆ ಅಂದರೆ ಮೊದಲಿನಿಂದಲೂ ಪ್ರಯಾಣಿಕರ ತಿಂಡಿ. ರೈಲು ನಿಂತಾಗ ಹುಟ್ಟಿದ್ದು, ಕಾರು ನಿಂತಾಗ ಬೆಳೆದದ್ದು. ನಿಲ್ಲದವರಿಗೆ ವಡೆ ಮಾರುವುದು ಹೇಗೆ? ಈಗ ಅದು ಬೆಂಗಳೂರಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ, ಮದ್ದೂರನ್ನೇ ಕಾಣದವರು ತಿನ್ನುತ್ತಾರೆ.

ಹೊಸ ರಸ್ತೆಯಲ್ಲಿ ಮೊದಲ ವರ್ಷವೇ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಲೆ ಮಾನ್ಸಿನಲ್ಲಿ ಹಾಗಾದಾಗ ಜಗತ್ತೇ ನಿಂತು ನೋಡಿತು, ಹಲವು ದೇಶಗಳು ರೇಸುಗಳನ್ನು ತಡೆದವು. ನಮ್ಮಲ್ಲಿ ದಿನಕ್ಕೊಂದು ಸುದ್ದಿಯಾಗಿ ಬಂದು ಒಳಪುಟಕ್ಕೆ ಸರಿಯಿತು. ಆಮೇಲೆ ಕ್ಯಾಮೆರಾ ಬಂದವು, ಗಂಟೆಗೆ 100 ಕಿಲೋಮೀಟರ್ ಮೀರಿದರೆ ದಂಡ ಬಂತು, ಸಾವು ಇಳಿಯಿತು, ಒಳ್ಳೆಯದಾಯಿತು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಆ ರಸ್ತೆ ಹತ್ತುವಂತಿಲ್ಲವೆಂದೂ ಆಯಿತು. ಸುರಕ್ಷತೆಯ ಲೆಕ್ಕದಲ್ಲಿ ಅದೂ ಸರಿಯೇ ಇರಬಹುದು. ಆದರೂ ನೋಡಿ, ಮೈಸೂರಿನಲ್ಲಿ ಹುಟ್ಟಿದ ಜಾವಾ ಮೈಸೂರಿನ ದೊಡ್ಡ ರಸ್ತೆಗೆ ಹೊರಗಿನದಾಯಿತು. ಕಬ್ಬಿನ ಟ್ರ್ಯಾಕ್ಟರು ತನ್ನದೇ ಹೊಲ ಕೊಟ್ಟು ಆದ ರಸ್ತೆಯನ್ನು ಸರ್ವಿಸ್ ರಸ್ತೆಯಿಂದ ನೋಡಿಕೊಂಡು ಹೋಗುತ್ತದೆ. ರಸ್ತೆಯ ಎರಡೂ ಬದಿ ಬೇಲಿ. ಈ ಕಡೆ ಮನೆ, ಆ ಕಡೆ ಗದ್ದೆ ಇದ್ದವರು ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಹೋಗಬೇಕು. ಬೆಂಗಳೂರಿನ ಕಾರಿನವರೂ ಮಂಡ್ಯದವರೂ ಮುಖಾಮುಖಿಯಾಗುವುದು ಈಗ ಕಾವೇರಿ ಗಲಾಟೆಯ ದಿನ ಮಾತ್ರ. ಅಂದು ನಮ್ಮವರು ರಸ್ತೆಯಲ್ಲಿ ಕೂರುತ್ತಾರೆ, ಕಾರಿನವರು ಗಾಜು ಇಳಿಸುತ್ತಾರೆ. ಮಾತುಕತೆ ಅಷ್ಟು ಸೊಗಸಾಗಿ ಇರುವುದಿಲ್ಲ.

ವೇಗವೇನೂ ಕಡಿಮೆಯಾಗಿಲ್ಲವಲ್ಲ ಎನ್ನಬಹುದು. ಕಡಿಮೆಯೇನು, ಬೀದಿಬೀದಿಗೂ ಬಂದಿದೆ. ನಿಂತಲ್ಲಿಂದ ನೂರು ಕಿಲೋಮೀಟರಿಗೆ ಏರಲು ಆ ಇ-ಟೈಪಿಗೆ ಏಳು ಸೆಕೆಂಡಿನ ಸುತ್ತಮುತ್ತ ಬೇಕಿತ್ತು, ಜಗತ್ತು ಬೆರಗಾಗಿತ್ತು. ಇಂದು ಸಾಫ್ಟ್‌ವೇರಿನ ಹುಡುಗ ಕಂತಿನ ಮೇಲೆ ಕೊಂಡ ಬ್ಯಾಟರಿ ಕಾರೂ ಅಷ್ಟೇ ಹೊತ್ತಿನಲ್ಲಿ, ಕೆಲವು ಅದಕ್ಕೂ ಮುಂಚೆ, ಅಲ್ಲಿಗೆ ಮುಟ್ಟುತ್ತವೆ. ಸದ್ದಿಲ್ಲ, ಹೊಗೆಯಿಲ್ಲ, ಹಬೆಯಿಲ್ಲ. ಓಡಿಸುವವನಿಗೂ ತಾನು ಓಡಿಸುತ್ತಿರುವುದರ ಮೇಲೆ ಲಕ್ಷ್ಯವಿಲ್ಲ, ಕಿವಿಯಲ್ಲಿ ಆಫೀಸಿನ ಮೀಟಿಂಗು ನಡೆಯುತ್ತಿರುತ್ತದೆ. ನಮ್ಮ ಊರಿನ ತಮ್ಮನ ಮಗ ಅಂಥದ್ದೊಂದು ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಹತ್ತಿ ಕೂತೆ, ತಣ್ಣಗೆ ಚೆನ್ನಾಗಿತ್ತು. ‘ಹೆಂಗದೆ ದೊಡ್ಡಪ್ಪ?’ ಎಂದ. ‘ಚೆನ್ನಾಗದೆ ಕಣಪ್ಪ. ಸ್ಟಾರ್ಟ್ ಮಾಡು’ ಎಂದೆ. ‘ಆಗ್ಲೇ ಆಗದೆ’ ಎಂದ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ‘ಪಯಣ’ ಎಂಬ ಕಾರುಗಳ ಸಂಗ್ರಹಾಲಯ ಕಟ್ಟಿಸಿದ್ದಾರೆ. ಎಲ್ಲೆಲ್ಲೋ ತುಕ್ಕು ಹಿಡಿಯಬಹುದಾಗಿದ್ದ ಗಾಡಿಗಳನ್ನು ಹುಡುಕಿ ತಂದು, ಉಜ್ಜಿ ಹೊಳಪಿಟ್ಟು, ಜತನ ಮಾಡಿ ಇಟ್ಟಿರುವ ಪುಣ್ಯದ ಕೆಲಸ. ಹೋಗಿ ಬಂದೆ. ಸ್ಟುಡಿಬೇಕರ್, ಮಾರಿಸ್ ಕಾಲದ ಗಾಡಿಗಳ ನಡುವೆ ಮೊಮ್ಮಕ್ಕಳ ವಯಸ್ಸಿನ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ಮುಖದಲ್ಲಿ ನಿಜವಾದ ಖುಷಿಯಿತ್ತು. ಮುಟ್ಟಬಾರದೆಂದು ಹಗ್ಗ ಕಟ್ಟಿದ್ದರು, ಕಟ್ಟಲೇಬೇಕು. ಆದರೂ ಒಂದು ಹಳೇ ಬಾನೆಟ್ಟಿನ ಮುಂದೆ ನಿಂತಾಗ ಇಂಜಿನ್ನಿನ ಮೇಲೆ ಕೈಯಿಟ್ಟು ಬಿಸಿ ನೋಡಬೇಕೆನಿಸಿತು. ಆ ಕಾಲದ ಕಾರನ್ನು ಅರ್ಥ ಮಾಡಿಕೊಳ್ಳುವುದು ಕಣ್ಣಿಗಿಂತ ಹೆಚ್ಚಾಗಿ ಅಂಗೈಗೆ, ಮೂಗಿಗೆ, ಕಿವಿಗೆ ಸೇರಿದ ಕೆಲಸ. ತಣ್ಣಗಾದ ಕಬ್ಬಿಣ ಎಷ್ಟು ಹೊಳೆದರೂ ಅರ್ಧ ಮಾತು ಮಾತ್ರ ಆಡುತ್ತದೆ.

ಹಳೇ ಕಾರುಗಳನ್ನು ಇನ್ನೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡ ಪುಣ್ಯಾತ್ಮರು ಬೆಂಗಳೂರಿನಲ್ಲಿದ್ದಾರೆ, ಆಗಾಗ ರ‍್ಯಾಲಿ ಮಾಡುತ್ತಾರೆ, ದಸರೆಯ ಹೊತ್ತಿಗೆ ಮೈಸೂರಿಗೂ ಬಂದದ್ದುಂಟು. ಅವರಲ್ಲಿ ನನ್ನದೊಂದು ಅರಿಕೆ. ಮುಂದಿನ ಸಲ ಹೊರಟಾಗ ನಿಡಘಟ್ಟದ ಹತ್ತಿರ ಹೊಸ ರಸ್ತೆ ಬಿಟ್ಟು ಹಳೇ ರಸ್ತೆಗೆ ಇಳಿಯಿರಿ. ಗುಂಡಿ ಇವೆ, ಹಂಪು ಇವೆ, ಸಂತೆಯ ದಿನವಾದರೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಮದ್ದೂರಿನ ಕೊಲ್ಲಿ ಸರ್ಕಲ್ಲಿನಲ್ಲಿ ಎಲ್ಲಾದರೂ ಒಂದು ಬದಿಗೆ ನಿಲ್ಲಿಸಿ, ಬಾನೆಟ್ಟು ತೆಗೆದಿಡಿ. ಶಾಲೆ ಬಿಡುವ ಹೊತ್ತಾದರೆ ಇನ್ನೂ ಒಳ್ಳೆಯದು. ಹುಡುಗರು ಮೊಬೈಲು ಹಿಡಿದೇ ಬರುತ್ತಾರೆ, ಬೈಯಬೇಡಿ. ಬಿಸಿ ವಡೆ ಇನ್ನೂ ಸಿಗುತ್ತದೆ. ರೇಡಿಯೇಟರಿಗೆ ನೀರು ಬೇಕಿದ್ದರೆ, ತಣ್ಣೀರನ್ನು ಒಮ್ಮೆಲೇ ಹುಯ್ಯಬಾರದೆಂದು ಗೊತ್ತಿರುವ ಮುದುಕರು ಮದ್ದೂರಿನಲ್ಲಿ ಒಂದಿಬ್ಬರು ಇದ್ದೇವೆ. ಹೊರಡುವಾಗ ಎರಡು ಸಲ ರೇಸು ಮಾಡಿದರೆ ಸಾಕು, ಬೇರೆ ಏನೂ ಕೊಡಬೇಕಾಗಿಲ್ಲ.